ಹೂಂ ಬಿದ್ದ ಮಾತು

"ಹೂಂ ಬಿತ್ತು! ಇಳಿ ಮಾರಾಯ!" ಎಂದು ಆಲ್ಫೋನ್ಸ್ ಗುಡುಗಿದ.

ಕಟ್ಟೆಯ ಮೇಲಿದ್ದ ಮೂಸಾ ಬೆಪ್ಪಾಗಿ ನಿಂತ. ಕಥೆಯ ರಾಜನಿಗೆ ಮೂವರು ಹೆಂಡಿರು ಎಂದವನು, "ಅಲ್ಲ, ಇಬ್ಬರು" ಎಂದು ತಿದ್ದಿದ್ದ. ಅಷ್ಟೇ ತಪ್ಪು. ಕೆಮ್ಮಣ್ಣಿನ ಚರ್ಚ್ ಮೈದಾನದಲ್ಲಿ ವರ್ಷಕ್ಕೊಮ್ಮೆ ನಡೆಯುವ ಕಥೆಕೂಟದಲ್ಲಿ ಹೇಳುವವನ ಒಂದೊಂದು ಮಾತಿಗೂ ಒಬ್ಬ ಹೂಂಗುಟ್ಟಬೇಕು. ಹೂಂ ಬಿದ್ದ ಮಾತನ್ನು ಹಿಂದೆ ತೆಗೆಯುವ ಹಾಗಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂಸಾ ಆಸೆಯಿಂದ ತೀರ್ಪು ಹೇಳುವ ಪಾದ್ರಿಗಳ ಮುಖ ನೋಡಿದ. ಅವರು ಇಳಿಯುವಂತೆ ಕೈಸನ್ನೆ ಮಾಡಿದರು.

ಹೋದ ವರ್ಷ ಗೆದ್ದ ಆಲ್ಫೋನ್ಸನಿಗೆ ಈ ವರ್ಷ ಹೂಂಗುಟ್ಟುವ ಕುರ್ಚಿ. ಮಾತು ಮುಗಿಯುವ ಮೊದಲೇ ಹೂಂ ಎಸೆದು ಹೇಳುವವರ ದಾರಿ ತಪ್ಪಿಸುವುದರಲ್ಲಿ ಅವನದು ಎತ್ತಿದ ಕೈ.

ಮುಂದಿನ ಸರದಿ ಬರ್ತಾ ಎಂಬವಳದು. ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷವದು. ಅಲ್ಲಿಯವರೆಗೆ ಹೆಂಗಸೊಬ್ಬಳು ಆ ಕಟ್ಟೆ ಹತ್ತಿದ್ದಿಲ್ಲ.

"ಗಂಡ ಸತ್ತವಳಿಗೆ ಎಂತ ಕಥೆ? ಮನೆಗೆ ಹೋಗು!" ಎಂದು ಯಾರೋ ಕೂಗಿದರು.

ಆಲ್ಫೋನ್ಸನಿಗಂತೂ ಅವಳ ಮುಖ ಕಂಡರಾಗದು. ಹೊಳೆಬದಿಯ ಅವಳ ತುಂಡು ಜಾಗ ಕೇಳಿದರೆ ಮಾರಲಿಲ್ಲ ಎಂಬ ಸಿಟ್ಟಿಗೆ ತನ್ನ ಬಾವಿಯ ಗೇಟಿಗೆ ಬೀಗ ಜಡಿದಿದ್ದ. ಬೇಸಿಗೆಯಲ್ಲಿ ಆ ಬದಿಯ ಬಾವಿಗಳೆಲ್ಲ ಉಪ್ಪು. ಸಿಹಿನೀರು ಇವನಲ್ಲಿ ಮಾತ್ರ. ಬರ್ತಾ ಕೊಡ ಹಿಡಿದು ಬಂದು ಬೇಡಿದಳು. ಮಗುವಿಗಾದರೂ ಎಂದಳು. ಅವನು ಕರಗಲಿಲ್ಲ. ಈಗ ಅವಳು ಗದ್ದೆಬಯಲಿನ ಆಚೆಯಿಂದ ನೀರು ಹೊರುತ್ತಿದ್ದಳು. ಸೊಂಟ ಸೋತ ಮೇಲೆ ಜಾಗ ತಾನಾಗಿ ಕೈಗೆ ಬರುತ್ತದೆಂದು ಅವನು ಕಾಯುತ್ತಿದ್ದ.

"ಆಲ್ಫೋನ್ಸ್ ಬಾಬ್, ಹೂಂ ಅಂದವರಿಗೂ ಇದೇ ನಿಯಮವಾ?" ಎಂದು ಬರ್ತಾ ಮರ್ಯಾದೆಯಿಂದ ಮೆಲ್ಲಗೆ ಕೇಳಿದಳು.

"ಎಲ್ಲರಿಗೂ ಒಂದೇ. ಎಂತ, ಹೆದರಿಕೆಯಾ? ಶುರು ಮಾಡು."

"ಒಂದು ಊರಿನಲ್ಲಿ ಒಂದು ಕೊಕ್ಕರೆ..."

"ಹೂಂ!"

"ಅದಕ್ಕೆ ಒಂದು ದಿನ..."

"ಹೂಂ! ಹೂಂ!"

ಮೈದಾನ ಬಿದ್ದು ಬಿದ್ದು ನಕ್ಕಿತು. ಬರ್ತಾ ತಡವರಿಸಿದಳು. ಅವಳ ಮಾತು ಗಿಡ್ಡವಾಗುತ್ತ ಬಂತು. ಹೆದರಿ ನಾಲಿಗೆ ಒಣಗಿತೆಂದು ಆಲ್ಫೋನ್ಸ್ ಹಿಗ್ಗಿದ, ಇನ್ನಷ್ಟು ಬಿರುಸಾದ. ಈಗ ಅವನು ಕೇಳುತ್ತಲೂ ಇರಲಿಲ್ಲ. ಅವಳ ತುಟಿ ಅಲುಗಿದರೆ ಸಾಕಿತ್ತು.

"ಬಾಯಾರಿತು."

"ಹೂಂ!"

"ಹಾರಿತು."

"ಹೂಂ!"

"ಹೊಳೆ ಬಂತು."

"ಹೂಂ!"

"ಉಪ್ಪು."

"ಹೂಂ!"

"ಬೀಗ ತೆಗೆಯುತ್ತೀರಾ, ನಿಮ್ಮ ಬಾವಿಯದ್ದು?"

"ಹೂಂ!"

ನಗು ಥಟ್ಟನೆ ನಿಂತಿತು. ಬರ್ತಾ ಮುಂದೆ ಕಥೆ ಹೇಳಲಿಲ್ಲ. ಬೀಗದ ಕೀಲಿಗೆ ಅಂಗೈ ಚಾಚಿ ನಿಂತಳು. ಪಾದ್ರಿಗಳು ಕುರ್ಚಿಯತ್ತ ತಿರುಗಿದರು. ಆಲ್ಫೋನ್ಸನ ಮುಖ ಕಪ್ಪಿಟ್ಟಿತು.

"ಅಲ್ಲ..." ಎಂದು ಬಾಯಿ ತೆರೆದ.

"ಹೂಂ ಬಿತ್ತು! ಬೀಗ ತೆಗಿ ಮಾರಾಯ!" ಎಂದು ಹಿಂದಿನಿಂದ ಮೂಸಾ ಗುಡುಗಿದ.