ಬೇರೆ ಹೊಳೆಯ ಸೇತುವೆ

ಬಣ್ಣದ ಮೇಸ್ತ್ರಿ ಹಳೇ ಬಣ್ಣ ಕೆರೆದಂತೆ ಕಬ್ಬಿಣದ ತೊಲೆಯ ಮೇಲೆ ಅಚ್ಚೊತ್ತಿದ್ದ ಹೊಳೆಯ ಹೆಸರೊಂದು ಬಯಲಾಯಿತು. ಅದು ಕೆಳಗೆ ಹರಿಯುತ್ತಿದ್ದ ಹೊಳೆಯ ಹೆಸರಲ್ಲ. ಅವನು ಅದನ್ನು ಓದಿ ಹೇಳಿದಾಗ, ಕಂಬಿಗೆ ಒರಗಿ ನೀರು ನೋಡುತ್ತಿದ್ದ ಅಜ್ಜಿ ತಲೆ ಎತ್ತಿದಳು. ಸೇತುವೆ ಕೆಲಸದಲ್ಲಿ ನೀರುಪಾಲಾದ ಗಂಡನನ್ನು ಅವಳು ದಿನವೂ ಮಾತಾಡಿಸುತ್ತಿದ್ದುದು ಇಲ್ಲಿಂದಲೇ.

"ಮೊದಲು ಆ ಹೊಳೆ ಮೇಲಿತ್ತಂತೆ ಅಜ್ಜಿ, ಬಿಚ್ಚಿ ತಂದು ಇಲ್ಲಿ ಜೋಡಿಸಿದ್ರು," ಎಂದ ಮೇಸ್ತ್ರಿ. "ನಮ್ಮಪ್ಪಾನೂ ಆ ಕೆಲಸದಲ್ಲಿದ್ದ. ಬಿಚ್ಚುವಾಗ ಅಲ್ಲೊಬ್ಬ ಬಿದ್ದ, ಜೋಡಿಸುವಾಗ ಇಲ್ಲೊಬ್ಬ ಬಿದ್ದ ಅಂತಿದ್ದ."

"ನಮ್ಮವರು ಎಲ್ಲಿ ಬಿದ್ದಿದ್ದು?"

"ನಿಮಗೇ ಗೊತ್ತಿಲ್ವಾ?"

"ನಾನು ಹೆರಿಗೆಗೆ ತವರಲ್ಲಿದ್ದೆ ಕಣಪ್ಪ. ಸೇತುವೆಯಿಂದ ಬಿದ್ರು ಅಂದ್ರು. ಸೇತುವೆ ಇಲ್ಲಿದೆ ಅಂದ್ರು, ಇಲ್ಲಿಗೇ ಬಂದು ಮನೆ ಮಾಡಿದೆ. ಸೇತುವೆಗೂ ಮೊದಲನೇ ಸಂಸಾರ ಇರುತ್ತೆ ಅಂತ ಯಾರು ಕಂಡಿದ್ರು?"

ಮೇಸ್ತ್ರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅಜ್ಜಿ ಮತ್ತೆ ನೀರಿನತ್ತ ಬಾಗಿದಳು. ಸೊಸೆಯ ಮೇಲಿನ ದೂರೊಂದು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಇಷ್ಟು ಕಾಲ ಮನೆಯ ಗುಟ್ಟೆಲ್ಲ ಯಾರದೋ ಗಂಡನ ಕಿವಿಗೆ ಹಾಕಿದೆನೇನೋ ಎಂದು ಮುಖ ಬಿಸಿಯಾಯಿತು. ಸೆರಗು ಸರಿಮಾಡಿಕೊಂಡು, ಗುರುತಿಲ್ಲದವರ ಬಾಗಿಲಲ್ಲಿ ನಿಂತವಳಂತೆ ಮೆಲ್ಲಗೆ ಕೇಳಿದಳು:

"ರೀ, ನೀವೇ ತಾನೇ?"