ಕರೆಂಟು ಹೋದಾಗ ಅಜ್ಜಿ ಕೊಟ್ಟ ತೀರ್ಪು

ಹುರಿದ ಶೇಂಗಾದ ವಾಸನೆ ಬಂದರೆ ನನಗೆ ಇಂದಿಗೂ ಬಂಡ್ರಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅದಿರು ಲಾರಿ ಓಡಿಸುತ್ತಿದ್ದ ಅಪ್ಪ, ತನ್ನ ಮೇಲಿದ್ದ ಅಪಘಾತದ ಕೇಸಿನ ತೀರ್ಪಿಗೆಂದು ಸಂಡೂರಿನ ಕೋರ್ಟಿಗೆ ಹೋಗಿದ್ದ. ಅವ್ವ, ಅಜ್ಜಿ, ನಾನು ಹುರಿದ ಶೇಂಗಾ ಸುಲಿಯುತ್ತಾ ಟೀವಿಯಲ್ಲಿ ಪೊಲೀಸ್ ಧಾರಾವಾಹಿ ನೋಡುತ್ತಿದ್ದೆವು. ಕಟಕಟೆಯಲ್ಲಿ ಒಬ್ಬ ಡ್ರೈವರ್ ತಲೆ ತಗ್ಗಿಸಿ ನಿಂತಿದ್ದ. ಜಡ್ಜು ತೀರ್ಪು ಓದಬೇಕು, ಅಷ್ಟರಲ್ಲಿ ಕರೆಂಟು ಹೋಯಿತು.

"ಅಜ್ಜಿ, ಅವಂಗ ಏನಾತು?" ಎಂದೆ.

ಅವ್ವನ ಕೈ ನಿಂತುಬಿಟ್ಟಿತ್ತು. ಅಜ್ಜಿ ನನ್ನ ಕಡೆ ನೋಡಲಿಲ್ಲ. ಅವ್ವನ ಮಡಿಲಿನ ಸಿಪ್ಪೆ ಕೊಡವುತ್ತಾ, "ಬಿಟ್ಟಾರ. ಬಸ್ಸಿನಾಗ ಬರಾಕತ್ಯಾನ. ಹಸ್ಕೊಂಡು ಬರ್ತಾನ, ಏಳವ್ವ, ಜಲ್ದಿ ಒಲಿ ಹಚ್ಚು," ಎಂದಳು.

ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಕರೆಂಟು ಬಂತು. ಜಡ್ಜಿನ ದನಿ ಕೇಳುವ ಮೊದಲೇ ಅಜ್ಜಿ ಓಡಿ ಹೋಗಿ ಟೀವಿ ಆರಿಸಿದಳು.