ತೊಳೆದಿಟ್ಟ ಕಲ್ಲು

"ತಾತ, ಏನ್ ಮಾಡ್ತಿದೀರಿ?"

ಭೂವಿಜ್ಞಾನಿ ಶೆಡ್ಡಿನ ಹಿಂಬಾಗಿಲಲ್ಲೇ ಗರಬಡಿದು ನಿಂತಳು. ಕಲ್ಲಿನ ಪೆಟ್ಟಿಗೆಗಳನ್ನು ಕಾಯುವ ತಾತ ನಲ್ಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು, ಗುಡ್ಡದ ಹೊಟ್ಟೆಯಿಂದ ಕೊರೆದು ತೆಗೆದ ಕಲ್ಲಿನ ತುಂಡನ್ನು ಮಗುವಿನ ಬೆನ್ನು ತಿಕ್ಕುವ ಹಾಗೆ ಬ್ರಷ್ಷಿನಿಂದ ಉಜ್ಜುತ್ತಿದ್ದ.

"ಸ್ನಾನ ಮಾಡಿಸ್ತಿದೀನಿ, ಇನ್ನೇನಮ್ಮ! ಬಿರುಕಿನೊಳಗೆ ಕೆಂಪು ಕೊಳೆ ಹೇಗೆ ಕೂತಿರತ್ತೆ ಗೊತ್ತಾ? ಹಾಗೇ ಇಟ್ಟರೆ ನಿಮ್ಮ ಫೋಟೋ ಕೆಡಲ್ವಾ?"

ನೀರು ಕೆಂಪಗೆ ಮೋರಿಗೆ ಇಳಿಯುತ್ತಿತ್ತು. ಆ ಕೆಂಪು, ಕಲ್ಲಿನೊಳಗೆ ನೀರು ನಡೆದುಹೋದ ಹೆಜ್ಜೆಗುರುತು ಎಂದು ಅವಳಿಗೆ ನೋಡಿದ ಕೂಡಲೇ ಗೊತ್ತಾಯಿತು.

ಅಣುಸ್ಥಾವರದ ಕಸವನ್ನು ಈ ಗುಡ್ಡದಲ್ಲಿ ಅರ್ಧ ಕಿಲೋಮೀಟರ್ ಆಳಕ್ಕೆ ಹೂಳುವುದೆಂದು ತೀರ್ಮಾನವಾಗಿತ್ತು. ಅಜ್ಜಿಕಥೆಯ ರಕ್ಕಸ ಆರು ತಿಂಗಳು ಮಲಗಿದರೆ ಸಾಕು. ಈ ಕಸ ಲಕ್ಷ ವರ್ಷ ಮಗ್ಗುಲು ಬದಲಿಸದೆ ಮಲಗಬೇಕು, ಒಂದು ಹನಿ ನೀರೂ ಮುಟ್ಟಬಾರದು; ಮುಟ್ಟಿದರೆ ಅದರ ವಿಷ ನೀರಿನ ಜೊತೆ ಊರ ಬಾವಿಗೆ ಬರುತ್ತದೆ. ಎರಡು ವರ್ಷ ಈ ತುಂಡುಗಳನ್ನೇ ನೋಡಿ, 'ಯಾವ ಬಿರುಕಲ್ಲೂ ನೀರಿನ ಗುರುತಿಲ್ಲ' ಎಂದು ಬರೆದು ಸಹಿ ಹಾಕಿದವಳು ಅವಳೇ. ಆ ವರದಿಗೆ ಇವತ್ತು ಹನ್ನೊಂದು ಗಂಟೆಗೆ ಸಮಿತಿಯ ಒಪ್ಪಿಗೆ ಸಿಗಲಿತ್ತು.

"ಎಷ್ಟು ಪೆಟ್ಟಿಗೆ ತೊಳೆದಿದೀರಿ ತಾತ?"

"ಎಷ್ಟು ಅಂದ್ರೆ? ಅಷ್ಟೂ! ಅರ್ಧಂಬರ್ಧ ಕೆಲಸ ನನಗೆ ಆಗಿಬರಲ್ಲ. ಮೊನ್ನೆ ದೊಡ್ಡ ಸಾಹೇಬರೇ ಬೆನ್ನು ತಟ್ಟಿದರು, ಕಲ್ಲು ಕನ್ನಡಿ ಥರ ಇದೆ ಅಂತ."

ಅವಳು ಅಲ್ಲಿಂದಲೇ ಮುಖ್ಯಸ್ಥರಿಗೆ ಫೋನ್ ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. "ವರದಿ ವಾಪಸ್ ತಗೊಳ್ಳಿ ಸರ್. ತಪ್ಪು ನಂದೇ. ಕಲ್ಲು ನನ್ನ ಟೇಬಲ್ಲಿಗೆ ಬರೋ ಮುಂಚೆ ಏನಾಗತ್ತೆ ಅಂತ ಒಂದು ದಿನಾನೂ ಈ ಕಡೆ ಬಂದು ನೋಡಲಿಲ್ಲ."

ಆ ಕಡೆಯಿಂದ ಮುಖ್ಯಸ್ಥರ ದನಿ ಬಂತು. "ತಡೀತೀನಿ. ಇಲ್ಲಿ ಇನ್ನೂ ಏನೂ ಹೂತಿಲ್ಲ, ಬದುಕಿಕೊಂಡ್ವಿ. ಆದರೆ ಆ ಕಣಿವೆ ಗುಡ್ಡದಲ್ಲಿ ಇಂಥದೇ ಕಸ ಹೂತು ಒಂಬತ್ತು ವರ್ಷ ಆಯ್ತಲ್ಲಮ್ಮಾ... ಅಲ್ಲಿನ ಕಲ್ಲು ಯಾರು ನೋಡ್ಕೊಂಡಿದ್ರು, ಕೇಳಿ."

ಅವಳು ಫೋನು ಕಿವಿಯಲ್ಲಿಟ್ಟುಕೊಂಡೇ ತಿರುಗಿದಳು. "ತಾತ, ಆ ಕಣಿವೆ ಗುಡ್ಡದಲ್ಲಿ..."

"ಅಲ್ಲೂ ನಾನೇ ಕಣಮ್ಮ," ಎಂದ ತಾತ, ಬಲರಟ್ಟೆ ನೀವಿಕೊಳ್ಳುತ್ತ. "ಅಬ್ಬಬ್ಬಾ, ಆ ಕಲ್ಲಿನ ಕೆಂಪೋ! ಉಜ್ಜಿ ಉಜ್ಜಿ ಈ ಕೈ ಬಿದ್ದೇಹೋಗಿತ್ತು."